ಹಳೇ ಬೆಂಜ್‌ನ ಗಡಿಯಾರ: ರಿಪೇರಿಯೋ, ಗುಜರಿಯೋ, ಕ್ವಾರ್ಟ್ಜೋ?

ಹಳೇ ಕಾರು ಸಾಕುವವರನ್ನು ಕೇಳಿ ನೋಡಿ. ಇಂಜಿನ್ ಚೆನ್ನಾಗಿರುತ್ತದೆ, ಡ್ಯಾಶ್‌ಬೋರ್ಡ್ ಗಡಿಯಾರ ಮಾತ್ರ ನಿಂತಿರುತ್ತದೆ. ನಮ್ಮ 220ಡಿ ಬೆಂಜ್‌ನ ಕಥೆಯೂ ಅದೇ. ಬೆಂಗಳೂರಲ್ಲಿ ಇದಕ್ಕೆ ಮೂರು ದಾರಿ ಇವೆ: ಚಿಕ್ಕಪೇಟೆ ಕಡೆಯ ವಾಚ್ ರಿಪೇರಿಯವರು, ಶಿವಾಜಿನಗರದ ಗುಜರಿ, ಇಲ್ಲವೇ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ಕ್ವಾರ್ಟ್ಜ್ ಮಿಷನ್, ಅಂದರೆ ಸೆಲ್ಲಿನ ಗಡಿಯಾರದ್ದು, ತಂದು ಒಳಗೆ ಕೂರಿಸುವುದು. ಮೂರನ್ನೂ ಮಾಡಿ ನೋಡಿದೆ. ನನ್ನ ಓಟು ರಿಪೇರಿಗೆ. ಆದರೆ ಒಳಗಿನ ಕಾಯಿಲ್, ಅಂದರೆ ತಂತಿಯ ಸುರುಳಿ, ಜೀವಂತ ಇರಬೇಕು.

ಈ ಥರದ ಗಡಿಯಾರದ ಒಳಗಿರುವುದು ಕೀಲಿ ಕೊಡುವ ಗಡಿಯಾರವೇ. ಕೀಲಿ ಕೊಡುವ ಕೆಲಸ ಮಾತ್ರ ಕರೆಂಟಿನದು. ಸ್ಪ್ರಿಂಗ್ ಬಿಚ್ಚಿಕೊಂಡಾಗ ಎರಡು ಕಾಂಟ್ಯಾಕ್ಟ್ ತಾಗುತ್ತವೆ, ಕಾಯಿಲ್ ಟಕ್ ಅಂತ ಒದ್ದು ಸ್ಪ್ರಿಂಗನ್ನು ಮತ್ತೆ ಬಿಗಿ ಮಾಡುತ್ತದೆ. ಕೆಲವು ನಿಮಿಷಕ್ಕೊಮ್ಮೆ ಇದೇ ಆಟ. ಬ್ಯಾಟರಿ ಇಳಿದಿದ್ದರೆ ಒದೆಯುವ ಶಕ್ತಿ ಸಾಲುವುದಿಲ್ಲ. ಕಾಂಟ್ಯಾಕ್ಟ್ ತಾಗಿಕೊಂಡೇ ಇರುತ್ತದೆ, ಕಾಯಿಲ್ ಬಿಸಿಯಾಗುತ್ತಲೇ ಹೋಗುತ್ತದೆ. ಅದು ಸುಡುವ ಮೊದಲೇ ಕರಗಿ ಬಿಟ್ಟುಕೊಳ್ಳಲಿ ಅಂತ ಒಂದು ಬೆಸುಗೆಯನ್ನೇ ಫ್ಯೂಸ್ ಮಾಡಿಟ್ಟಿರುತ್ತಾರೆ. ಭಾನುವಾರ ಮಾತ್ರ ಬೇಸ್‌ಮೆಂಟಿನಿಂದ ಹೊರಗೆ ಬರುವ ಕಾರುಗಳಿಗೆ ಈ ಕಾಯಿಲೆ ಜಾಸ್ತಿ.

ಹಾಗಾಗಿ ಮೊದಲು ಗಡಿಯಾರ ಬಿಚ್ಚಿ ಕಾಯಿಲ್‌ಗೆ ಮಲ್ಟಿಮೀಟರ್ ಹಿಡಿದು ಸುಟ್ಟಿಲ್ಲ ತಾನೇ ನೋಡಿ. ನಮ್ಮದರಲ್ಲಿ ಕಾಯಿಲ್ ಸರಿಯಿತ್ತು, ಬೆಸುಗೆ ಬಿಟ್ಟಿತ್ತು.

ವಾಚ್ ರಿಪೇರಿಯ ಹಿರಿಯರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ, "ಮಿಷನ್ ಚೆನ್ನಾಗಿದೆ ಸಾರ್, ಎಣ್ಣೆ ಅಂಟಾಗಿದೆ ಅಷ್ಟೇ" ಅಂದರು. ಪೆಟ್ರೋಲಿನಲ್ಲಿ ತೊಳೆದು, ವಾಚ್ ಎಣ್ಣೆ ಹಾಕಿ, ಕಾಂಟ್ಯಾಕ್ಟ್ ಉಜ್ಜಿದರು. ಬೆಸುಗೆ ನಾನೇ ಹಾಕಿದೆ. ಇಲ್ಲಿ ಎಚ್ಚರ ಬೇಕು. ಸಾಮಾನ್ಯ ಸೀಸದ ಬೆಸುಗೆ ಕರಗಲು 183 ಡಿಗ್ರಿಗಿಂತ ಜಾಸ್ತಿ ಬೇಕು, ಫ್ಯೂಸ್ ಬಿಡುವಷ್ಟರಲ್ಲಿ ಕಾಯಿಲ್ ಹೋಗಿಬಿಡಬಹುದು. ಮೊಬೈಲ್ ರಿಪೇರಿಯವರು ಬಳಸುವ, 138 ಡಿಗ್ರಿಗೆ ಕರಗುವ ಬಿಸ್ಮತ್ ಪೇಸ್ಟ್ ತಂದೆ. ಎಸ್.ಪಿ. ರಸ್ತೆಯಲ್ಲಿ ಸುಲಭವಾಗಿ ಸಿಗುತ್ತದೆ. ನಿಜವಾದ ಕಷ್ಟ ಬೇರೆಯೇ: ಗಾಜಿನ ಸುತ್ತ ಮಡಚಿರುವ ತಗಡಿನ ಅಂಚನ್ನು ಡೊಂಕಾಗದಂತೆ ಬಿಡಿಸುವುದು. ಅರ್ಧ ತಾಳ್ಮೆ ಅಲ್ಲೇ ಖರ್ಚಾಗುತ್ತದೆ. ಈಗ ವಾರಕ್ಕೆ ಒಂದೆರಡು ನಿಮಿಷ ಹಿಂದೆ ಬೀಳುತ್ತದೆ, ನನಗೆ ಅದೇನೂ ತೊಂದರೆಯಿಲ್ಲ. ಆ ಟಕ್ ಸದ್ದು ಕೇಳಿದರೆ ಸಾಕು.

ಗುಜರಿಯಲ್ಲಿ ಸಿಕ್ಕ ಗಡಿಯಾರ ನೋಡಲು ನಮ್ಮದಕ್ಕಿಂತ ಚೆನ್ನಾಗಿತ್ತು. ಓಡಲಿಲ್ಲ. ಓಡಲು ಕಾರಣವೂ ಇರಲಿಲ್ಲ ಬಿಡಿ, ಅದೂ ಅದೇ ವಯಸ್ಸಿನದು, ಅದೇ ಕಾಯಿಲೆಯದು. ಕಾಯಿಲ್ ಸುಟ್ಟವರಿಗೆ, ಮುಳ್ಳು ಮುರಿದವರಿಗೆ ಬಿಡಿಭಾಗವಾಗಿ ಕೊಳ್ಳಬಹುದು. ಹೋಗುವಾಗ ಯುಪಿಎಸ್‌ನ ಚಿಕ್ಕ 12 ವೋಲ್ಟ್ ಬ್ಯಾಟರಿ ಜೊತೆಗಿರಲಿ. "ಓಡುತ್ತೆ ಸಾರ್" ಅನ್ನುವ ಮಾತಿಗೆ ಅಲ್ಲೇ ಪರೀಕ್ಷೆ ಆಗಲಿ.

ಕ್ವಾರ್ಟ್ಜ್ ಪ್ರಯೋಗವನ್ನು ಈ ಗುಜರಿ ಗಡಿಯಾರದ ಮೇಲೆ ಮಾಡಿದೆ. ಗೋಡೆ ಗಡಿಯಾರದ ಮಿಷನ್ ನೂರಿನ್ನೂರು ರೂಪಾಯಿಗೆ ಬರುತ್ತದೆ, ಸಮಯವನ್ನು ಇವುಗಳಲ್ಲೆಲ್ಲ ಕರಾರುವಾಕ್ಕಾಗಿ ತೋರಿಸುತ್ತದೆ. ಆದರೆ ಹಳೇ ಮುಳ್ಳುಗಳು ಅದರ ಕಡ್ಡಿಗೆ ಕೂರುವುದಿಲ್ಲ, ತೂತು ಸರಿಮಾಡಬೇಕು. ಮುಂದಿನ ತಿರುಪು ಸುಮ್ನೆ ಅಲಂಕಾರಕ್ಕೆ ಉಳಿಯುತ್ತದೆ, ಟೈಮ್ ಸರಿಮಾಡಲು ಗಡಿಯಾರವನ್ನೇ ಹೊರಗೆಳೆಯಬೇಕು. ಒಳಗೆ ಸೆಲ್ ಹಾಕಿದರೆ ಬಿಸಿಲಲ್ಲಿ ಸೋರುವ ಭಯ. ಅದಕ್ಕೆ ಎಲ್‌ಎಂ317 ಅನ್ನುವ, ವೋಲ್ಟೇಜ್ ಇಳಿಸುವ ರೆಗ್ಯುಲೇಟರ್ ಚಿಪ್ ಹಾಕಿ 12 ವೋಲ್ಟನ್ನು ಒಂದೂವರೆಗೆ ಇಳಿಸಿದೆ. ತಮಾಷೆ ನೋಡಿ: ಗಡಿಯಾರ ತಿನ್ನುವ ಕರೆಂಟ್ ಲೆಕ್ಕಕ್ಕಿಲ್ಲ, ಆದರೆ 240 ಓಮ್ ರೆಸಿಸ್ಟರ್ ಇರುವ ಮಾಮೂಲಿ ಜೋಡಣೆಯಲ್ಲಿ ಈ ರೆಗ್ಯುಲೇಟರ್ ಸುಮಾರು 5 ಮಿಲಿ ಆಂಪಿಯರ್ ಹಗಲೂ ರಾತ್ರಿ ಎಳೆಯುತ್ತದೆ. ತಿಂಗಳಿಗೆ ಬ್ಯಾಟರಿಯಿಂದ ನಾಲ್ಕು ಆಂಪಿಯರ್ ಅವರ್‌ನ ಹತ್ತಿರ ಹೋಯಿತು ಅಲ್ವಾ! ದಿನಾ ಓಡಿಸುವ ಕಾರಿಗೆ ಪರವಾಗಿಲ್ಲ, ನಿಂತೇ ಇರುವ ಕಾರಿಗೆ ಬೇಡ.

ರಿಪೇರಿ ಮಾಡಿಸಿದವರು ಬ್ಯಾಟರಿಗೆ ಒಂದು ಕಟ್-ಆಫ್ ಸ್ವಿಚ್ ಹಾಕಿಸಿ. ಕರೆಂಟ್ ಒಮ್ಮೆಲೇ ಪೂರ್ತಿ ನಿಂತರೆ ಕಾಯಿಲ್‌ಗೆ ಏನೂ ಆಗುವುದಿಲ್ಲ, ನಿಧಾನಕ್ಕೆ ಇಳಿಯುವ ಬ್ಯಾಟರಿಯೇ ಅದನ್ನು ಸುಡುವುದು. ಸ್ವಿಚ್ ಹಾಕಿದ ಮೇಲೆ ಪ್ರತಿ ಭಾನುವಾರ ಗಡಿಯಾರವನ್ನು ಕೈಯಲ್ಲೇ ತಿರುಗಿಸಿ ಟೈಮಿಗೆ ತರಬೇಕು, ಅಷ್ಟೇ.