ಬಲೂನ್ ಉತ್ಸವ: ಸವಾರಿಗಿಂತ ಮೈದಾನವೇ ಚೆನ್ನ

ಬಿಸಿಗಾಳಿ ಬಲೂನ್ ಉತ್ಸವಕ್ಕೆ ಮನೆಮಂದಿಯೆಲ್ಲ ಹೊರಡುವುದಾದರೆ ಸೂರ್ಯ ಹುಟ್ಟುವ ಮೊದಲೇ ಮೈದಾನ ಸೇರಿಕೊಳ್ಳಿ. ಹಾರುವ ಬಲೂನನ್ನು ದೂರದಿಂದಲೂ ನೋಡಬಹುದು. ಅದು ನೆಲದಿಂದ ಎದ್ದು ನಿಲ್ಲುವುದನ್ನು ಮಾತ್ರ ಹತ್ತಿರದಿಂದಲೇ ನೋಡಬೇಕು.

ನಾವು ಹೋದಾಗ ಇನ್ನೂ ಮಬ್ಬುಗತ್ತಲು. ಬಟ್ಟೆಯನ್ನು ಹುಲ್ಲಿನ ಮೇಲೆ ಉದ್ದಕ್ಕೆ ಹಾಸಿದ್ದರು. ಮೊದಲು ದೊಡ್ಡ ಫ್ಯಾನ್ ಇಟ್ಟು ತಣ್ಣನೆಯ ಗಾಳಿ ತುಂಬಿಸುತ್ತಾರೆ. ಮಲಗಿದಲ್ಲೇ ಅದು ಉಬ್ಬಿದ ಮೇಲೆ ಬರ್ನರ್ ಹಚ್ಚುತ್ತಾರೆ. ಆ ಪ್ರೊಪೇನ್ ಬೆಂಕಿಯ ಸದ್ದಿಗೆ ನನ್ನ ಮಗ ಅತ್ತೇಬಿಟ್ಟ. ಪುಟ್ಟ ಮಕ್ಕಳಿದ್ದರೆ ಸ್ವಲ್ಪ ದೂರ ನಿಲ್ಲಿ. ಮಗಳು ಮಾತ್ರ ಅಲ್ಲಾಡಲಿಲ್ಲ. "ಬಟ್ಟೆ ಸುಟ್ಟುಹೋಗಲ್ವಾ?" ಅಂತ ಕೇಳಿದಳು. ಸಿಬ್ಬಂದಿಯೊಬ್ಬರು ಕೈಯಲ್ಲಿದ್ದ ಹಗ್ಗ ಬಿಡದೆಯೇ ಅವಳಿಗೆ ವಿವರಿಸಿದರು. ಮೇಲಿನದು ನೈಲಾನ್, ಬಾಯಿಯ ಸುತ್ತ ಬೆಂಕಿ ತಡೆಯುವ ನೋಮೆಕ್ಸ್. ಒಳಗಿನ ಗಾಳಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾಯುತ್ತದೆ, ಹಗುರವಾಗಿ ಬಲೂನನ್ನು ಎತ್ತುತ್ತದೆ. ಬುಟ್ಟಿ ಇವತ್ತಿಗೂ ಬೆತ್ತದ್ದೇ, ಇಳಿಯುವಾಗಿನ ಪೆಟ್ಟಿಗೆ ಬೆತ್ತ ಬಾಗಿಕೊಡುತ್ತದಂತೆ. ಇಷ್ಟು ತಾಳ್ಮೆಯಿಂದ ಮಗುವಿಗೆ ಉತ್ತರ ಕೊಡುವವರು ಸಿಗುವುದು ಅಪರೂಪ ಅಲ್ವಾ?

ಹಾರಾಟ ತಡವಾಯಿತು. ಚಿಕ್ಕ ಹೀಲಿಯಂ ಬಲೂನ್ ಬಿಟ್ಟು ಮೇಲಿನ ಗಾಳಿಯ ದಿಕ್ಕು ನೋಡುತ್ತಿದ್ದರು. ಬಲೂನಿಗೆ ಸ್ಟೀರಿಂಗ್ ಇಲ್ಲ. ಪೈಲಟ್ ಮೇಲೇರಿ, ಕೆಳಗಿಳಿದು ತನಗೆ ಬೇಕಾದ ಕಡೆ ಬೀಸುವ ಗಾಳಿಯನ್ನು ಹುಡುಕಬೇಕು. ಬಿಸಿಲೇರಿ ನೆಲ ಕಾದರೆ ಗಾಳಿ ಏರುಪೇರಾಗುತ್ತದೆ, ಅದಕ್ಕೇ ಈ ಮುಂಜಾನೆಯ ಅವಸರ. ಆದ್ದರಿಂದ ತಡವಾದದ್ದಕ್ಕೆ ನನಗೆ ಬೇಸರವಿಲ್ಲ. ಬೇಸರ ಇರುವುದು ಆಯೋಜಕರ ಮೌನದ ಬಗ್ಗೆ. ಮೈಕಿನಲ್ಲಿ ಹಾಡು ಬರುತ್ತಲೇ ಇತ್ತು, ಏಕೆ ಕಾಯುತ್ತಿದ್ದೇವೆ ಎಂದು ಒಬ್ಬರೂ ಹೇಳಲಿಲ್ಲ. ಮಕ್ಕಳನ್ನು ಎತ್ತಿಕೊಂಡು ನಿಂತಿದ್ದ ಎಷ್ಟೋ ಜನ ಸಾಕಾಗಿ ವಾಪಸ್ ಹೋದರು. ಒಂದೇ ಒಂದು ಮಾತು ಹೇಳಿದ್ದರೆ ಅವರೂ ಉಳಿಯುತ್ತಿದ್ದರು. ಇದು ಸರಿಯಲ್ಲ.

ಹಗ್ಗ ಕಟ್ಟಿ ಸ್ವಲ್ಪ ಎತ್ತರಕ್ಕೆ ಏರಿಸುವ ಸವಾರಿಯೂ ಇತ್ತು. ಕ್ಯೂ ಜಾಸ್ತಿ, ಮೇಲಿರುವ ಹೊತ್ತು ಕಡಿಮೆ. ಬುಟ್ಟಿಗೆ ಬಾಗಿಲಿರಲಿಲ್ಲ, ಪಕ್ಕದ ಕಿಂಡಿಗಳಲ್ಲಿ ಕಾಲಿಟ್ಟು ಹತ್ತಿ ಒಳಗಿಳಿಯಬೇಕು. ಮಂಡಿನೋವಿನ ನಮ್ಮಮ್ಮನಿಗೆ ಅದು ಆಗಲಿಲ್ಲ. ಮಗನಿಗೆ ಬುಟ್ಟಿಯ ಅಂಚೇ ಅಡ್ಡ, ಏನೂ ಕಾಣಿಸಲಿಲ್ಲ. ಟಿಕೆಟ್ ಕೊಡುವ ಮೊದಲೇ ಇದನ್ನೆಲ್ಲ ತಿಳಿಸಬೇಕಿತ್ತು. ಕೂರಲು ವ್ಯವಸ್ಥೆಯೂ ಇಲ್ಲ, ಹಿರಿಯರಿದ್ದರೆ ಮಡಚುವ ಕುರ್ಚಿ ಒಯ್ಯಿರಿ.

ಬಲೂನಿನ ಕಥೆ ಹೇಳುವ ಪುಟ್ಟ ಪ್ರದರ್ಶನವನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. 1783ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಮಾಂಟ್‌ಗಾಲ್ಫಿಯರ್ ಸಹೋದರರ ಬಲೂನಿನಲ್ಲಿ ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜ ವರ್ಸೇಲ್ಸ್‌ನಿಂದ ಹಾರಿದವು. ಕುರಿ ಬದುಕಿತಾ ಎನ್ನುವುದೇ ಮಕ್ಕಳ ಚಿಂತೆ. ಮೂರೂ ಬದುಕಿದ್ದವು. ಅದಾದ ಎರಡೇ ತಿಂಗಳಿಗೆ ಪ್ಯಾರಿಸ್‌ನಲ್ಲಿ ಇಬ್ಬರು ಮನುಷ್ಯರೂ ಹಾರಿದರು.

ಮುಂದಿನ ಸಲವೂ ಖಂಡಿತ ಹೋಗುತ್ತೇವೆ. ಸವಾರಿಯ ಟಿಕೆಟ್ ಕೊಳ್ಳುವುದಿಲ್ಲ, ಅಮ್ಮನ ಕುರ್ಚಿ ಮರೆಯುವುದಿಲ್ಲ.