ತಂಬೊಪಾಟಾ ಕಾಡಿನ ಲಾಡ್ಜ್: ರೂಮಿನ ಫೋಟೊ ನೋಡಿ ಬುಕ್ ಮಾಡಬೇಡಿ

ಪೆರುವಿನ ತಂಬೊಪಾಟಾದಲ್ಲಿ ಲಾಡ್ಜ್ ಹುಡುಕುತ್ತಿದ್ದರೆ ಮೊದಲು ಮ್ಯಾಪ್ ತೆಗೆದು ನೋಡಿ. ಪ್ವೆರ್ತೊ ಮಾಲ್ಡೊನಾಡೊ ಊರಿನ ಹತ್ತಿರದವು ಅಗ್ಗ. ಆದರೆ ಮಕಾವ್ ಗಿಳಿಗಳು ಮಣ್ಣು ತಿನ್ನೋಕೆ ಬರುವ ದೊಡ್ಡ ದಂಡೆಗಳು ನದಿಯಲ್ಲಿ ತುಂಬಾ ಮೇಲೆ, ರಕ್ಷಿತಾರಣ್ಯದ ಕಡೆ ಇವೆ. ದುಡ್ಡು ಜಾಸ್ತಿಯಾದರೂ ಆಗಲಿ ಅಂತ ನಾವು ದೂರದ್ದನ್ನೇ ಹಿಡಿದೆವು.

ದೊಡ್ಡ ಸೂಟ್‌ಕೇಸ್ ಊರಿನ ಆಫೀಸಿನಲ್ಲೇ ಬಿಡಬೇಕು. ಮೊದಲೇ ಹೇಳಬಹುದಿತ್ತು ಅಲ್ವಾ? ನೆಲದ ಮೇಲೆ ಬಟ್ಟೆ ಹರವಿಕೊಂಡು ಕೂತಿದ್ದಾಯಿತು. ಆಮೇಲೆ ಮಣ್ಣು ರಸ್ತೆ, ಆಮೇಲೆ ಚಾವಣಿ ಇರುವ ಉದ್ದನೆಯ ಮೋಟಾರು ದೋಣಿ. ಮಳೆ ಕಡಿಮೆ ಇರುವ ತಿಂಗಳಾದ್ದರಿಂದ ನೀರು ಇಳಿದಿತ್ತು. ಮೂತಿಯಲ್ಲಿ ನಿಂತ ಹುಡುಗ ಕೋಲು ಇಳಿಬಿಟ್ಟು ಆಳ ನೋಡಿ ಕೈಸನ್ನೆ ಮಾಡುತ್ತಿದ್ದ. ಹಿಂದಿದ್ದ ಮೋಟಾರಿನವರು ಅದರಂತೆ ತಿರುಗಿಸುತ್ತಿದ್ದರು. ಗಂಟೆಗಟ್ಟಲೆ ಇಬ್ಬರ ನಡುವೆ ಒಂದು ಮಾತಿಲ್ಲ.

ರೂಮಿಗೆ ಮೂರೇ ಗೋಡೆ, ನಾಲ್ಕನೇ ಕಡೆ ಕಾಡು. ಸೊಳ್ಳೆಪರದೆಯಲ್ಲಿ ಒಂದು ತೂತೂ ಇರಲಿಲ್ಲ. ಕರೆಂಟ್ ಸಂಜೆ ಸ್ವಲ್ಪ ಹೊತ್ತು ಮಾತ್ರ. ಒಗೆದ ಬಟ್ಟೆ ಒಣಗೋದೇ ಇಲ್ಲ. ಪಕ್ಕದವರ ಗೊರಕೆಯೂ ಚೆನ್ನಾಗಿ ಕೇಳುತ್ತೆ!

ನನ್ನ ಸಿಟ್ಟೆಲ್ಲ ಹೊದಿಕೆಯ ಮೇಲೆ. ಮೇನಿಂದ ಆಗಸ್ಟ್‌ವರೆಗೆ ಆಗಾಗ ದಕ್ಷಿಣದಿಂದ ಚಳಿಗಾಳಿ ನುಗ್ಗುತ್ತೆ. ಅಲ್ಲಿನವರು ಅದನ್ನು ಫ್ರಿಯಾಹೆ ಅಂತಾರೆ. ಇದೇನೂ ಲಾಡ್ಜಿನವರಿಗೆ ಹೊಸದಲ್ಲ. ಆದರೂ ತೆಳ್ಳಗಿನ ಒಂದು ಹೊದಿಕೆ ಕೊಟ್ಟು, ಇನ್ನೊಂದು ಕೇಳಿದರೆ ಇಲ್ಲ ಅಂದರು. ಇಷ್ಟು ದುಡ್ಡು ತಗೊಂಡು ಹೀಗಾ?

ಗೈಡ್ ಬಗ್ಗೆ ಮಾತ್ರ ಎರಡು ಮಾತಿಲ್ಲ. ಬೆಳಕು ಹರಿಯುವ ಮೊದಲೇ ಎಬ್ಬಿಸಿ, ಕೆಮ್ಮಣ್ಣಿನ ದಂಡೆಯ ಎದುರು ಕರೆದುಕೊಂಡು ಹೋಗಿ ಕೂರಿಸಿದರು. ಮೊದಲು ಸಣ್ಣ ಗಿಳಿಗಳು ಬಂದವು. ಮಕಾವ್‌ಗಳು ಮಾತ್ರ ಮರದ ಮೇಲೆ ಕೂತು ಜಗಳ ಆಡುತ್ತಲೇ ಇದ್ದವು. ಒಂದು ಧೈರ್ಯ ಮಾಡಿ ಇಳಿಯಿತು ನೋಡಿ, ಹಿಂದೆಯೇ ಕೆಂಪು, ನೀಲಿ, ಹಳದಿ ಎಲ್ಲಾ ಬಂದು ದಂಡೆಗೆ ಜೋತುಬಿದ್ದವು. ಆ ಮಣ್ಣಿನಲ್ಲಿ ಸೋಡಿಯಂ ಇದೆ, ಸಮುದ್ರದಿಂದ ದೂರದ ಈ ಕಾಡಿನ ಹಣ್ಣು ಬೀಜಗಳಲ್ಲಿ ಅದು ಕಡಿಮೆ ಅಂತ ಗೈಡ್ ಪಿಸುಗುಟ್ಟಿದರು. ಯಾವುದೋ ಗಿಡುಗದ ನೆರಳು ಬಿತ್ತು. ಅಷ್ಟೂ ಒಟ್ಟಿಗೆ ಕಿರುಚಿಕೊಂಡು ಹಾರಿದವು.

ಮಳೆ ಬಂದರೆ ಗಿಳಿಗಳು ಬರೋದಿಲ್ಲ. ಹಾಗಾಗಿ ಒಂದೇ ರಾತ್ರಿಯ ಪ್ಯಾಕೇಜ್ ಬೇಡ. ರಬ್ಬರ್ ಬೂಟು ಅವರೇ ಕೊಡುತ್ತಾರೆ, ಸುಮ್ನೆ ಹೊತ್ತುಕೊಂಡು ಹೋಗಬೇಡಿ. ಆ ಜಾಗದಲ್ಲಿ ಒಂದು ದಪ್ಪ ಸ್ವೆಟರ್ ಇಟ್ಟುಕೊಳ್ಳಿ. ಪೀತಜ್ವರದ ಲಸಿಕೆಯನ್ನು ಹೊರಡೋಕೆ 10 ದಿನ ಮೊದಲಾದರೂ ಹಾಕಿಸಿಕೊಳ್ಳಿ.