ಕಿತ್ತಳೆ ಡಬ್ಬಿ ಹಾಗೆಯೇ ಉಳಿದಿದೆ: ತುಕ್ಕಿನ ಪುಡಿಯ ಸೆಟ್ಟಿನ ಜೊತೆ ಒಂದೂವರೆ ವರ್ಷ

ಪ್ಲಾಸ್ಟಿಕ್ ಮಾಡೆಲ್‌ಗಳಿಗೆ ತುಕ್ಕು ಹಿಡಿದಂತೆ ಬಣ್ಣ ಕೊಡುವ ಆರು ಡಬ್ಬಿಗಳ ಪಿಗ್ಮೆಂಟ್ (ಬಣ್ಣದ ಪುಡಿ) ಸೆಟ್ ಒಂದನ್ನು ತರಿಸಿಕೊಂಡು ಒಂದೂವರೆ ವರ್ಷವಾಯಿತು. ಜೊತೆಗೆ ಪುಡಿಯನ್ನು ಹಿಡಿದು ನಿಲ್ಲಿಸುವ, ಅದೇ ಕಂಪನಿಯ ಫಿಕ್ಸರ್ ದ್ರವ ಒಂದು ಬಾಟಲಿ. ಎರಡೂ ಸೇರಿ 2,600 ರೂಪಾಯಿ. ತಿಂಗಳಿಗೆ ಸಾವಿರ ರೂಪಾಯಿಯನ್ನು ಮಾತ್ರ ಈ ಹವ್ಯಾಸಕ್ಕೆ ಎತ್ತಿಡುವ ನನಗೆ ಅದು ಸಣ್ಣ ಮೊತ್ತವಲ್ಲ. ಅಷ್ಟು ಕೊಟ್ಟ ಮೇಲೆ, ಡಬ್ಬಿಯ ಮೇಲೆ ‘ಕಿತ್ತಳೆ ತುಕ್ಕು’ ಎಂದು ಬರೆದ ಬಣ್ಣ ಮಾಡೆಲ್ ಮೇಲೂ ಕಿತ್ತಳೆಯಾಗಿಯೇ ಕಾಣಬೇಕು ಎಂದು ಬಯಸಿದ್ದೆ. ಕಾಣಲಿಲ್ಲ. ಫಿಕ್ಸರಿನ ಮೊದಲ ಹನಿ ಬಿದ್ದ ಕೂಡಲೇ ಪುಡಿ ಮಳೆಗೆ ನೆನೆದ ಮಣ್ಣಿನಂತೆ ಕಪ್ಪಾಯಿತು. ಒಣಗಿದ ಮೇಲೂ ಆ ಕಪ್ಪು ಹೋಗಲಿಲ್ಲ. ಎರಡು ವಾರದ ಕೆಲಸ ಒಂದು ರಾತ್ರಿಯಲ್ಲಿ ಮಸಿಯಾಯಿತು.

ನಾನು ಕಟ್ಟುತ್ತಿದ್ದದ್ದು ಅಫ್ಘಾನಿಸ್ತಾನದ ಪಂಜ್‌ಶಿರ್ ಕಣಿವೆಯಲ್ಲಿ ಬಿದ್ದಿರುವ ಒಂದು ಸೋವಿಯತ್ ಟಿ-62 ಟ್ಯಾಂಕ್, 1:35 ಅಳತೆಯಲ್ಲಿ, ಅಂದರೆ ನಿಜದ್ದರ ಮೂವತ್ತೈದನೆಯ ಒಂದು ಪಾಲು. ಸೋವಿಯತ್ ಸೇನೆ 1979ರ ಡಿಸೆಂಬರಿನಲ್ಲಿ ಆ ದೇಶದೊಳಗೆ ಬಂತು, 1989ರ ಫೆಬ್ರುವರಿ 15ರಂದು ಕೊನೆಯ ತುಕಡಿ ಹೊರಟಿತು. ನಡುವಿನ ವರ್ಷಗಳಲ್ಲಿ ಸೋವಿಯತ್ ಸೇನೆಯ ವಿರುದ್ಧ ಹೋರಾಡುತ್ತಿದ್ದ ನಾಯಕ ಅಹ್ಮದ್ ಶಾ ಮಸೂದ್ ಅವರ ಪಡೆಯಿಂದ ಈ ಕಣಿವೆಯನ್ನು ಕಿತ್ತುಕೊಳ್ಳಲು ಮತ್ತೆ ಮತ್ತೆ ದಾಳಿ ನಡೆದರೂ ಅದು ಕೈಗೆ ಉಳಿಯಲಿಲ್ಲ. ಉಳಿದದ್ದು ಕಬ್ಬಿಣ. ನದಿಯ ದಡದಲ್ಲಿ, ರಸ್ತೆಯ ಪಕ್ಕದಲ್ಲಿ, ಗದ್ದೆಯ ಬದುವಿನಲ್ಲಿ ದಶಕಗಳಿಂದ ಕುಳಿತಿರುವ ಟ್ಯಾಂಕುಗಳ ಚಿತ್ರಗಳನ್ನು ನಾನು ಮೊದಲು ನೋಡಿದ್ದು ಕಾಲೇಜಿನ ದಿನಗಳಲ್ಲಿ. ಬಿಚ್ಚಲು ಬರುವುದನ್ನೆಲ್ಲ ಜನ ಬಿಚ್ಚಿಕೊಂಡು ಹೋಗಿದ್ದಾರೆ, ಬಿಚ್ಚಲಾಗದ ಮೈಯ ಮೇಲೆ ಮಕ್ಕಳು ಹತ್ತಿ ಕುಳಿತಿದ್ದಾರೆ. ಅದನ್ನು ಒಮ್ಮೆ ಕೈಯಾರೆ ಮಾಡಬೇಕೆಂಬ ಆಸೆ ಅಂದಿನಿಂದಲೇ ಇತ್ತು.

ಕಿಟ್ಟಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಟಿ-62 ಕಿಟ್‌ಗಳ ವಿಮರ್ಶೆಗಳು ಬೇಕಾದಷ್ಟಿವೆ. ಒಂದನ್ನು ಮಾತ್ರ ಹೇಳಬೇಕು. ಪಾಳು ಬಿದ್ದ ಟ್ಯಾಂಕ್ ಮಾಡುವವರು ಬಣ್ಣಕ್ಕೆ ಮೊದಲು ಅದು ಹೇಗೆ ಸತ್ತಿತು ಎಂದು ತೀರ್ಮಾನಿಸಿಕೊಳ್ಳಬೇಕು. ನನ್ನದು ಹಿಂಭಾಗದಲ್ಲಿ ಉರಿದದ್ದು, ಏಕೆಂದರೆ ಎಂಜಿನ್ ಇರುವುದು ಅಲ್ಲಿ. ಬೆಂಕಿಯ ಕಾವಿಗೆ ಚಕ್ರಗಳನ್ನು ಹೊತ್ತಿರುವ ತಿರುಚು ಸರಳುಗಳು ತಮ್ಮ ಬಿಗಿ ಕಳೆದುಕೊಳ್ಳುತ್ತವೆ, ಮೈ ನೆಲಕ್ಕೆ ಕುಸಿಯುತ್ತದೆ. ಹಾಗಾಗಿ ನಾಲ್ಕನೆಯ ಮತ್ತು ಐದನೆಯ ಚಕ್ರಗಳ ತೋಳುಗಳನ್ನು ಕತ್ತರಿಸಿ ಮೇಲಕ್ಕೆ ಅಂಟಿಸಿದೆ. ಅವುಗಳ ರಬ್ಬರ್ ಪಟ್ಟಿ ಸುಟ್ಟುಹೋಗಿರುತ್ತದೆ, ಅದನ್ನು ಅರದಿಂದ ಉಜ್ಜಿ ತೆಗೆದೆ. ಮುಂಭಾಗಕ್ಕೆ ಬೆಂಕಿ ತಲುಪಿಲ್ಲ, ಅಲ್ಲಿ ಹಸಿರು ಬಣ್ಣ ಇನ್ನೂ ಇದೆ. ಫಿರಂಗಿ ಹೊತ್ತ, ಎರಕ ಹೊಯ್ದ ಗುಮ್ಮಟದ ಒರಟು ಮೈಯನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ನಮ್ಮ ಸೇನೆ ನಿವೃತ್ತಿಗೊಳಿಸಿದ ಟಿ-55ಗಳು ಎಷ್ಟೋ ಊರುಗಳ ವೃತ್ತಗಳಲ್ಲಿ ನಿಂತಿವೆ, ಅವುಗಳ ಗುಮ್ಮಟವೂ ಎರಕದ್ದೇ. ಒಮ್ಮೆ ಅಂಗೈಯಿಂದ ಸವರಿ ನೋಡಿದರೆ ಸಾಕು.

ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಈ ಸೆಟ್ಟಿಗೆ ಸಂಬಂಧಿಸಿದ್ದೇ ಅಲ್ಲ. ಹತ್ತಿರದ ಫ್ಯಾನ್ಸಿ ಸ್ಟೋರಿನಲ್ಲಿ ಸಿಗುವ ಸಾಧಾರಣ ಹೇರ್ ಸ್ಪ್ರೇ. ಮೊದಲು ಮೈಯೆಲ್ಲ ತುಕ್ಕಿನ ಕಂದು, ಅದು ನೀರಿಗೆ ಕದಲದ ಲ್ಯಾಕರ್ ಬಣ್ಣ. ಅದರ ಮೇಲೆ ನೀರಿಗೆ ಕರಗುವ ಹೇರ್ ಸ್ಪ್ರೇ ಎರಡು ಪದರ. ಅದರ ಮೇಲೆ ಟಾಮಿಯಾ ಕಂಪನಿಯ ಅಕ್ರಿಲಿಕ್ ಹಸಿರು, ತೆಳುವಾಗಿ. ಅರ್ಧ ಗಂಟೆ ಬಿಟ್ಟು ನೀರು ಸವರಬೇಕು.

ರಾತ್ರಿ ಊಟವಾಗಿ, ಪಾತ್ರೆಗಳ ಸದ್ದು ನಿಂತ ಮೇಲೆ ನಾನು ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಕೂರುತ್ತೇನೆ. ಸ್ಟೀಲ್ ಲೋಟದಲ್ಲಿ ಬೆಚ್ಚಗಿನ ನೀರು, ತುದಿ ಕತ್ತರಿಸಿದ ಒಂದು ಗಡುಸು ಕುಂಚ. ಒಂದೇ ಜಾಗಕ್ಕೆ ನೀರು ಹಚ್ಚಿ ಇಪ್ಪತ್ತು ಎಣಿಸುತ್ತೇನೆ. ಆಮೇಲೆ ಕುಂಚದಿಂದ ಮೆಲ್ಲಗೆ ಕುಟ್ಟುತ್ತೇನೆ. ಮೊದಲು ಏನೂ ಆಗುವುದಿಲ್ಲ. ಹಸಿರಿನ ಮೇಲೆ ಸಾಸಿವೆಯಷ್ಟು ಗುಳ್ಳೆ ಏಳುತ್ತದೆ, ಅಂಚು ಸುರುಳಿಯಾಗುತ್ತದೆ, ಕೆಳಗಿನ ಕಂದು ಇಣುಕುತ್ತದೆ. ಆ ಕ್ಷಣದಲ್ಲಿ ಕೈ ನಿಲ್ಲಿಸಬೇಕು. ಇನ್ನೊಂದು ಕುಟ್ಟಿದರೆ ಬೆರಳಗಲದ ಬಣ್ಣ ಎದ್ದುಬರುತ್ತದೆ, ಮತ್ತೆ ಕೂರಿಸಲು ಆಗುವುದಿಲ್ಲ. ಮುಂಭಾಗದ ಇಳಿಜಾರು ತಗಡೊಂದಕ್ಕೇ ನಾಲ್ಕು ರಾತ್ರಿ ತೆಗೆದುಕೊಂಡೆ. ಜನ ಹತ್ತಿ ಇಳಿಯುವ ಕಡೆ ಹೆಚ್ಚು, ದೀಪದ ಕಂಬಿಗಳ ಮರೆಯಲ್ಲಿ ಕಡಿಮೆ. ಗುಮ್ಮಟದ ಅಂಚಿನ ಕೆಳಗೆ ನೆರಳಿರುವಲ್ಲಿ ಹಸಿರನ್ನು ಮುಟ್ಟಲೇ ಇಲ್ಲ.

ಇಷ್ಟೆಲ್ಲ ಆದ ಮೇಲೆ ಹಿಂಭಾಗಕ್ಕೆ ಪುಡಿ ಹಾಕಿ, ಫಿಕ್ಸರ್ ಬಿಟ್ಟು, ಕಪ್ಪು ಮಾಡಿಕೊಂಡದ್ದು. ಆ ವಾರ ನಾನು ಬಹಳ ಕಹಿಯಾಗಿದ್ದೆ. ಸೂಚನಾ ಚೀಟಿಯಲ್ಲಿ ಬಣ್ಣ ಗಾಢವಾಗುವ ಬಗ್ಗೆ ಒಂದು ಸಾಲೂ ಇರಲಿಲ್ಲ. ಕಪ್ಪಾದದ್ದನ್ನು ಮುಚ್ಚಲು ಕಿತ್ತಳೆ ಪುಡಿಯನ್ನು ಮತ್ತಷ್ಟು ಸುರಿದೆ, ಈ ಸಲ ಫಿಕ್ಸರ್ ಇಲ್ಲದೆ. ಡಬ್ಬಿಯಲ್ಲಿ ಕಂಡ ಬಣ್ಣವೇ ಕೊನೆಗೂ ಬಂತು. ಹಿಂಭಾಗ ಬೆಂಕಿಯಂತೆ ಹೊಳೆಯಿತು. ನನಗೆ ತೃಪ್ತಿಯಾಯಿತು.

ಮಲ್ಪೆಯಲ್ಲಿ ಮೀನುಗಾರಿಕೆ ಬೋಟುಗಳ ವೆಲ್ಡಿಂಗ್ ಕೆಲಸ ಮಾಡಿಕೊಂಡಿದ್ದ ನನ್ನ ಸೋದರಮಾವ ಆ ಭಾನುವಾರ ಮನೆಗೆ ಬಂದಿದ್ದರು. ಕನ್ನಡಕ ಹಣೆಗೇರಿಸಿ ಮಾಡೆಲನ್ನು ಹತ್ತಿರದಿಂದ ನೋಡಿದರು.

“ಇದು ಯಾವ ಊರಿನಲ್ಲಿ ಬಿದ್ದಿರುವುದು?”

“ಅಫ್ಘಾನಿಸ್ತಾನ, ಮಾವ. ಗುಡ್ಡಗಾಡು.”

“ಸಮುದ್ರ ಇದೆಯಾ ಅಲ್ಲಿ?”

“ಇಲ್ಲ.”

“ಹಾಗಾದರೆ ಈ ತುಕ್ಕು ಎಲ್ಲಿಂದ ಬಂತು? ಇದು ನಮ್ಮ ಕಡಲಿನ ತುಕ್ಕು. ಉಪ್ಪು ತಿಂದ ಕಬ್ಬಿಣ ಹೀಗೆ ಹಸಿ ಹುಣ್ಣಾಗುತ್ತದೆ. ಒಣ ಊರಿನ ಕಬ್ಬಿಣದ ತುಕ್ಕು ಒಂದು ಸಲ ಹಿಡಿದು ಹಾಗೆಯೇ ಗಟ್ಟಿಯಾಗುತ್ತದೆ ಮಾರಾಯ.”

ಅವರು ಹೋದ ಮೇಲೆ ಚಿತ್ರಗಳನ್ನೆಲ್ಲ ಮತ್ತೆ ತೆಗೆದು ನೋಡಿದೆ. ಮಾವನ ಮಾತು ನಿಜ. ನಮ್ಮ ಉಡುಪಿಯ ಕಡೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಮೇಲೆ ಉಪ್ಪುಗಾಳಿ. ನಮ್ಮ ಗೇಟಿನ ತುಕ್ಕು ಪದರ ಪದರವಾಗಿ ಏಳುತ್ತದೆ, ಕೆರೆದರೆ ಒಳಗೆ ಹೊಸ ಕಿತ್ತಳೆ ಕಾಣುತ್ತದೆ. ಕಾಬೂಲಿನಲ್ಲಿ ಬೀಳುವುದು ವರ್ಷಕ್ಕೆ ಸುಮಾರು 300 ಮಿಲಿಮೀಟರ್. ಪಂಜ್‌ಶಿರ್ ಟ್ಯಾಂಕುಗಳ ಮೇಲಿರುವುದು ಗಾಢ ಕಂದು ಬಣ್ಣದ ತೆಳು ಚರ್ಮ, ಬಿಸಿಲಿಗೆ ಅಲ್ಲಲ್ಲಿ ನೇರಳೆಗೆ ತಿರುಗಿದೆ, ಮೇಲೆ ಬೂದು ಧೂಳು ಕೂತಿದೆ. ಕಿತ್ತಳೆ ಹುಡುಕಿದರೂ ಸಿಗುವುದಿಲ್ಲ. ನಾನು ಇಡೀ ವಾರ ಸಿಟ್ಟು ಮಾಡಿಕೊಂಡದ್ದು ಬೇಡವಾದ ಬಣ್ಣಕ್ಕಾಗಿ. ಫಿಕ್ಸರ್ ಕಪ್ಪು ಮಾಡಿದ ಮೊದಲ ಪದರವೇ ಆ ಚಿತ್ರಗಳಿಗೆ ಹತ್ತಿರವಾಗಿತ್ತು.

ಇದರಿಂದ ಸೆಟ್ಟಿನ ಮೇಲಿನ ನನ್ನ ದೂರು ಹೋಗಲಿಲ್ಲ, ಜಾಗ ಬದಲಿಸಿತು. ಆರು ಡಬ್ಬಿಗಳಲ್ಲಿ ನಾಲ್ಕು ಹಸಿ ತುಕ್ಕಿನ ಬಣ್ಣಗಳು: ಕಿತ್ತಳೆ, ಹಳದಿಗಂದು, ಇಟ್ಟಿಗೆ ಕೆಂಪು, ಇನ್ನೊಂದು ಕೆಂಪು. ಒಣ ಪ್ರದೇಶಕ್ಕೆ ಬೇಕಾದ ‘ಹಳೆಯ ತುಕ್ಕು’ ಮತ್ತು ‘ಧೂಳು’ ಒಂದೊಂದೇ. ಜಗತ್ತಿನ ತುಕ್ಕೆಲ್ಲ ಬಂದರಿನದೇ ಎಂಬಂತೆ ಈ ಪೆಟ್ಟಿಗೆಯನ್ನು ಜೋಡಿಸಿದ್ದಾರೆ. ಮರುಭೂಮಿ, ಗುಡ್ಡಗಾಡು ಮಾಡುವವರು ಆ ಎರಡು ಡಬ್ಬಿಗಳನ್ನು ಬಿಡಿಯಾಗಿ ಕೊಳ್ಳಿ, ಸೆಟ್ ಬೇಡ.

ಆದರೆ ಆ ಎರಡು ಡಬ್ಬಿಗಳು ಬಹಳ ಒಳ್ಳೆಯವು, ಇದನ್ನೂ ಹೇಳಲೇಬೇಕು. ಪುಡಿ ವಿಭೂತಿಯಷ್ಟು ನುಣುಪು. ಕಿತ್ತಳೆಯನ್ನೆಲ್ಲ ತೊಳೆದು, ಮೈಗೆ ಮ್ಯಾಟ್ ವಾರ್ನಿಶ್ ಹೊಡೆದು ಮತ್ತೆ ಶುರುಮಾಡಿದೆ. ವಾರ್ನಿಶಿನ ಒರಟಿಲ್ಲದೆ ಪುಡಿ ಹಿಡಿಯುವುದಿಲ್ಲ. ಫಿಕ್ಸರಿನ ಬದಲು ಒಳ್ಳೆಯ ಟರ್ಪೆಂಟೈನ್. ಒಣ ಪುಡಿಯನ್ನು ಮೊದಲು ಇಟ್ಟು, ಕುಂಚದ ತುದಿಯನ್ನು ಅದರ ಅಂಚಿಗೆ ತಾಗಿಸಿದರೆ ಸಾಕು, ದ್ರವ ತಾನೇ ಒಳಗೆ ಹರಿಯುತ್ತದೆ. ಒದ್ದೆಯಾದಾಗ ಕಪ್ಪಾಗಿ, ಬೆಳಗಿನ ಹೊತ್ತಿಗೆ ಮೊದಲಿನ ಬಣ್ಣಕ್ಕೇ ಬರುತ್ತದೆ. ಹಿಡಿತ ಮಾತ್ರ ಕಡಿಮೆ, ಮುಟ್ಟಿದರೆ ಬೆರಳಿಗೆ ಬರುತ್ತದೆ. ಅದಕ್ಕೇ ಟ್ಯಾಂಕನ್ನು ಮೊದಲೇ ನೆಲಕ್ಕೆ ಕೂರಿಸಿ, ಆಮೇಲೆ ಪುಡಿ ಹಾಕಿದೆ.

ನೆಲಕ್ಕೆ ಮೊದಲು ಅಂಗಳದ ಮಣ್ಣು ಬಳಸಿದ್ದೆ. ಮುರಕಲ್ಲಿನ ಕೆಂಪು ಅಲ್ಲಿಗೆ ಸೇರುವುದಿಲ್ಲ, ಎಲ್ಲವನ್ನೂ ಕೆರೆದು ತೆಗೆಯಬೇಕಾಯಿತು. ಹೊಳೆಯ ಮರಳನ್ನು ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಬಾಣಲೆಯಲ್ಲಿ ಹುರಿದು, ಬಚ್ಚಲೊಲೆಯ ಬೂದಿ ಬೆರೆಸಿದೆ. ಆ ಬೂದಿಯ ಬಣ್ಣ ಪಂಜ್‌ಶಿರಿನ ಧೂಳಿಗೆ ಡಬ್ಬಿಯ ಧೂಳಿಗಿಂತ ಹತ್ತಿರ. ಕಣಿವೆ ಹಿಪ್ಪುನೇರಳೆಗೆ ಹೆಸರಾದದ್ದು, ಅದಕ್ಕೊಂದು ಮರ ಬೇಕಿತ್ತು. ನೆಲನೆಲ್ಲಿಯ ಬೇರನ್ನು ನೆರಳಿನಲ್ಲಿ ಒಣಗಿಸಿ ತಲೆಕೆಳಗಾಗಿ ನೆಟ್ಟೆ.

ಮಳೆಗಾಲದ ಅನುಭವವನ್ನೂ ಬರೆಯಬೇಕು. ಡಬ್ಬಿಗಳ ಮುಚ್ಚಳ ಸಡಿಲ. ಜೂನ್ ಕಳೆಯುವಷ್ಟರಲ್ಲಿ ಪುಡಿ ತೇವ ಹೀರಿ ಗಂಟುಗಟ್ಟಿತು, ಕುಂಚಕ್ಕೆ ಉಂಡೆಯಾಗಿ ಬಂತು. ಈಗ ಆರನ್ನೂ ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ, ಚಪ್ಪಲಿ ಪೆಟ್ಟಿಗೆಗಳಲ್ಲಿ ಬರುವ ಸಿಲಿಕಾ ಪೊಟ್ಟಣಗಳ ಜೊತೆ ಇಡುತ್ತೇನೆ. ಎರಡನೆಯ ಮಳೆಗಾಲದಲ್ಲಿ ಒಂದು ಗಂಟೂ ಆಗಲಿಲ್ಲ.

‘ಹಳೆಯ ತುಕ್ಕು’ ಮುಗಿದು ಬಿಡಿ ಡಬ್ಬಿ ತರಿಸಿದ್ದೇನೆ. ಫಿಕ್ಸರ್ ಮುಕ್ಕಾಲು ಬಾಟಲಿ ಇದೆ, ನೆಲದ ಕಲ್ಲುಗಳನ್ನು ಅಂಟಿಸಲು ಬರುತ್ತದೆ. ಕಿತ್ತಳೆ ಡಬ್ಬಿಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿದೆ. ಮಾವ ಹಿಂದೆ ವೆಲ್ಡಿಂಗ್ ಮಾಡಿದ ಒಂದು ಬೋಟಿನ ವಿಂಚ್ ಮಲ್ಪೆಯ ದಡದಲ್ಲಿ ತುಕ್ಕು ಹಿಡಿದು ಬಿದ್ದಿದೆಯಂತೆ. ಅದರ ಅಳತೆ ಬರೆದುಕೊಳ್ಳಲು ಬರುವ ಭಾನುವಾರ ಇಬ್ಬರೂ ಹೋಗುತ್ತಿದ್ದೇವೆ.